ನಿದ್ದೆ ಇದ್ದಷ್ಟು ಹಾಸಿಗೆ: ನಿದ್ರಾಹೀನರಿಗೆ ನೆರವಾಗಲು ಮನಃಶಾಸ್ತ್ರದ ವಿದ್ಯಾರ್ಥಿಗಳು ಕಲಿಯುವುದೇನು?

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ಇರಲಾರರು. ಮನಃಶಾಸ್ತ್ರದ ಸ್ನಾತಕೋತ್ತರ ತರಗತಿಗೆ ಸೇರುವವರೂ ಅದನ್ನು ನಂಬಿಕೊಂಡೇ ಬಂದಿರುತ್ತಾರೆ. ಗಾದೆಯನ್ನು ಮಗುಚಿ ಹಾಕಿದರೆ, ನಿದ್ದೆ ಬಾರದವರಿಗೆ ಯಾವುದೋ ಚಿಂತೆ ಇದೆ, ಅದನ್ನು ಪತ್ತೆಹಚ್ಚಿ ಮಾತಿನಲ್ಲಿ ಹಗುರ ಮಾಡಿದರೆ ನಿದ್ದೆ ತಾನಾಗಿ ಬರುತ್ತದೆ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಹಾಗಾಗಿ ಆಪ್ತಸಮಾಲೋಚನೆಯ ಕೊಠಡಿಯಲ್ಲಿ ಮೊದಲ ಸಲ ಕುಳಿತ ವಿದ್ಯಾರ್ಥಿ ಎದುರಿಗಿರುವವರ ಕಷ್ಟಸುಖವನ್ನು ಮನಸ್ಸಿಟ್ಟು ಕೇಳುತ್ತಾರೆ, ಕೊನೆಗೆ ಬೇಗ ಮಲಗಿ, ಮೊಬೈಲ್ ದೂರ ಇಡಿ, ಸಂಜೆಯ ಕಾಫಿ ಬಿಡಿ ಎಂದು ನಾಲ್ಕು ಹಿತವಚನ ಹೇಳಿ ಕಳುಹಿಸುತ್ತಾರೆ. ಉದ್ದೇಶವೇನೋ ಒಳ್ಳೆಯದೇ. ಆದರೆ ವರ್ಷಗಟ್ಟಲೆ ನಿದ್ದೆಗೆಟ್ಟವರಿಗೆ ಇದು ಸಾಲದು, ಬೇಗ ಮಲಗಿ ಎಂಬ ಸಲಹೆಯಂತೂ ತೊಂದರೆಯನ್ನು ಇನ್ನಷ್ಟು ಬೇರೂರಿಸುತ್ತದೆ. ನಿದ್ರಾಹೀನತೆಯ ಚಿಕಿತ್ಸೆಯನ್ನು ಕಲಿಸುವವರು ಮೊದಲು ಮಾಡಬೇಕಾದದ್ದು ವಿದ್ಯಾರ್ಥಿಯ ಈ ಒಳ್ಳೆಯತನವನ್ನು ತುಸು ಬದಿಗಿರಿಸಿ, ಕೈಗೆ ಪೆನ್ಸಿಲ್ ಕೊಟ್ಟು ಲೆಕ್ಕ ಮಾಡಿಸುವುದು.

ಆ ಲೆಕ್ಕದ ಚಿಕಿತ್ಸೆಗೆ ಸಿಬಿಟಿ-ಐ ಎಂದು ಹೆಸರು. ನಿದ್ರಾಹೀನತೆಗಾಗಿ ರೂಪಿಸಿದ ಅರಿವಿನ ವರ್ತನಾ ಚಿಕಿತ್ಸೆ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಸಾಮಾನ್ಯವಾಗಿ ಆರರಿಂದ ಎಂಟು ಭೇಟಿಗಳಲ್ಲಿ ಮುಗಿಯುವ ಈ ಕ್ರಮವನ್ನು, ದೀರ್ಘಕಾಲದ ನಿದ್ರಾಹೀನತೆಯಿರುವ ಎಲ್ಲ ವಯಸ್ಕರಿಗೂ ಮೊದಲು ಕೊಡಬೇಕಾದ ಚಿಕಿತ್ಸೆಯೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿತು. ಯುರೋಪಿನ ಮಾರ್ಗಸೂಚಿಯೂ 2017ರಲ್ಲಿ ಅದನ್ನೇ ಹೇಳಿತು. ಇಪ್ಪತ್ತು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಈ ಚಿಕಿತ್ಸೆಯಿಂದ ನಿದ್ದೆ ಹತ್ತಲು ಹಿಡಿಯುವ ಸಮಯ ಸರಾಸರಿ 19 ನಿಮಿಷ, ನಡುರಾತ್ರಿ ಎಚ್ಚರವಾಗಿ ಕಳೆಯುವ ಸಮಯ 26 ನಿಮಿಷ ಕಡಿಮೆಯಾಗುತ್ತದೆ, ಆದರೆ ಒಟ್ಟು ನಿದ್ದೆ ಹೆಚ್ಚುವುದು ಸುಮಾರು 8 ನಿಮಿಷ ಮಾತ್ರ. ಈ ಕೊನೆಯ ಅಂಕಿಯನ್ನು ಕಂಡು ವಿದ್ಯಾರ್ಥಿಗಳು ಇಷ್ಟೇನಾ ಎನ್ನುತ್ತಾರೆ. ಚಿಕಿತ್ಸೆಯ ಗುಟ್ಟು ಇರುವುದೇ ಅಲ್ಲಿ: ಅದು ನಿದ್ದೆಯನ್ನು ಉದ್ದ ಮಾಡುವುದಕ್ಕಿಂತ ಹೆಚ್ಚಾಗಿ, ಅಲ್ಲಲ್ಲಿ ಹರಿದುಹೋದ ನಿದ್ದೆಯನ್ನು ಒಟ್ಟುಗೂಡಿಸಿ ಹೊಲಿಯುತ್ತದೆ.

ಇಷ್ಟು ಪುರಾವೆಯಿದ್ದರೂ ಅದನ್ನು ಕೊಡಬಲ್ಲವರು ಕಡಿಮೆ. ಅಮೆರಿಕದ ವೈದ್ಯಕೀಯ ಮನಃಶಾಸ್ತ್ರದ ಡಾಕ್ಟರೇಟ್ ವಿಭಾಗಗಳ ಬಗ್ಗೆ 2009ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ನಿದ್ರೆಯ ಬಗ್ಗೆ ಪ್ರತ್ಯೇಕ ಪಾಠಕ್ರಮ ಇದ್ದದ್ದು ಶೇಕಡ 6ರಷ್ಟು ವಿಭಾಗಗಳಲ್ಲಿ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನವ ನಿದ್ರೆಯ ಅಧ್ಯಯನಕ್ಕೇ ಮೀಸಲಾದ ಪ್ರಯೋಗಾಲಯವಿದೆಯಾದರೂ, ನಮ್ಮ ಎಂ.ಎ., ಎಂ.ಎಸ್ಸಿ. ತರಗತಿಗಳಲ್ಲಿ ನಿದ್ರೆಯೆನ್ನುವುದು ಸಾಮಾನ್ಯವಾಗಿ ಮೆದುಳಿನ ಅಲೆಗಳ ಚಿತ್ರದೊಂದಿಗೆ ಬಂದು ಪರೀಕ್ಷೆಯೊಂದಿಗೆ ಹೋಗುವ ಅಧ್ಯಾಯ. ನಿದ್ದೆಯ ಹಂತಗಳನ್ನು ಬಾಯಿಪಾಠವಾಗಿ ಹೇಳಬಲ್ಲ ವಿದ್ಯಾರ್ಥಿಗೂ, ಮೂರು ವರ್ಷದಿಂದ ಸರಿಯಾಗಿ ನಿದ್ದೆಯಿಲ್ಲ ಎನ್ನುವವರ ಮುಂದೆ ಮೊದಲು ಏನು ಕೇಳಬೇಕೆಂದು ಹೊಳೆಯುವುದಿಲ್ಲ.

ತರಬೇತಿ ಶುರುವಾಗಬೇಕಾದದ್ದು ಗಾದೆಯನ್ನು ತಿದ್ದುವುದರಿಂದ. ಅಮೆರಿಕದ ಮನಃಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್ 1980ರ ದಶಕದಲ್ಲಿ ಮುಂದಿಟ್ಟ ಒಂದು ವಿವರಣೆ ಇದಕ್ಕೆ ಬಹಳ ಅನುಕೂಲ. ಅವರ ಪ್ರಕಾರ ನಿದ್ರಾಹೀನತೆಗೆ ಮೂರು ಬಗೆಯ ಕಾರಣಗಳು ಬೇರೆ ಬೇರೆ ಕಾಲದಲ್ಲಿ ಕೂಡಿಕೊಳ್ಳುತ್ತವೆ. ಸಣ್ಣ ಸದ್ದಿಗೂ ಎಚ್ಚರವಾಗುವಂಥ ಸ್ವಭಾವ ಹುಟ್ಟಿನಿಂದಲೇ ಇರಬಹುದು. ಮನೆಯಲ್ಲೊಂದು ಸಾವು, ಕೆಲಸ ಹೋದದ್ದು, ಬಾಣಂತನ, ಆಪರೇಷನ್ ಮುಂತಾದ ಯಾವುದೋ ಘಟನೆ ಆ ಸ್ವಭಾವವನ್ನು ಕೆಣಕಿ ಕೆಲವು ವಾರ ನಿದ್ದೆಗೆಡಿಸುತ್ತದೆ. ಗಾದೆ ಹೇಳುವ ಚಿಂತೆಯ ಕೆಲಸ ಇಲ್ಲಿಗೆ ಮುಗಿಯಿತು. ಹೆಚ್ಚಿನವರಿಗೆ ನಿದ್ದೆ ತಾನಾಗಿ ಮರಳುತ್ತದೆ. ಕೆಲವರು ಮಾತ್ರ ಕಳೆದುಕೊಂಡ ನಿದ್ದೆಯನ್ನು ತುಂಬಿಕೊಳ್ಳಲು ಬೇಗ ಮಲಗುತ್ತಾರೆ, ತಡವಾಗಿ ಏಳುತ್ತಾರೆ, ಮಧ್ಯಾಹ್ನ ಒಂದು ಗಂಟೆ ಅಡ್ಡಾಗುತ್ತಾರೆ, ನಡುರಾತ್ರಿ ಗಡಿಯಾರ ನೋಡಿ ಇನ್ನೆಷ್ಟು ಹೊತ್ತು ಉಳಿದಿದೆಯೆಂದು ಎಣಿಸುತ್ತಾರೆ. ಮೂಲದ ದುಃಖ ಆರಿದ ಮೇಲೂ ನಿದ್ರಾಹೀನತೆಯನ್ನು ಜೀವಂತವಾಗಿ ಇಟ್ಟುಕೊಳ್ಳುವುದು ಈ ಮೂರನೆಯ ಬಗೆಯ ಕಾರಣಗಳೇ. ಚಿಕಿತ್ಸೆ ಕೈಹಾಕುವುದೂ ಮುಖ್ಯವಾಗಿ ಇವಕ್ಕೇ. ಐದು ವರ್ಷದ ಹಿಂದಿನ ಚಿಂತೆಯನ್ನು ಕೆದಕುತ್ತ ಕುಳಿತ ವಿದ್ಯಾರ್ಥಿಗೆ, ಬೆಂಕಿ ಹಚ್ಚಿದ ಕಡ್ಡಿಯನ್ನು ಹುಡುಕುವುದನ್ನು ಬಿಟ್ಟು ಈಗ ಉರಿಯುತ್ತಿರುವ ಸೌದೆಯನ್ನು ಹೊರಗೆಳೆಯಿರಿ ಎಂದು ಹೇಳಬೇಕಾಗುತ್ತದೆ.

ನಂತರ ಬರುವುದು ಭಾಷೆಯ ಪ್ರಶ್ನೆ. ಇದನ್ನು ನಾವು ಹಗುರವಾಗಿ ಕಾಣುತ್ತೇವೆ ಎಂಬುದು ನನ್ನ ಅಭಿಪ್ರಾಯ. ಪಠ್ಯ ಇಂಗ್ಲಿಷಿನಲ್ಲಿ, ನಿದ್ದೆಗೆಟ್ಟವರ ಮಾತು ಕನ್ನಡದಲ್ಲಿ. ನಿದ್ದೆ ಬರಲ್ಲ ಎಂಬ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಸಂಗತಿಗಳಿರಬಹುದು: ಮಲಗಿದ ಮೇಲೆ ನಿದ್ದೆ ಹತ್ತುವುದಿಲ್ಲ, ಹತ್ತಿದ್ದು ನಡುವೆ ಹಾರಿಹೋಗುತ್ತದೆ, ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ, ಅಥವಾ ನಿದ್ದೆಯೇನೋ ಬರುತ್ತದೆ, ಎದ್ದಾಗ ಮಲಗಿದ ಹಾಗೇ ಇರುವುದಿಲ್ಲ. ಅದೇ ರೀತಿ ಸುಸ್ತು ಬೇರೆ, ತೂಕಡಿಕೆ ಬೇರೆ. ನಿದ್ರಾಹೀನರು ಹಗಲೆಲ್ಲ ಸುಸ್ತಾಗಿರುತ್ತಾರೆ, ಆದರೆ ಕಣ್ಣು ಎಳೆದುಕೊಂಡು ಹೋಗುವಂಥ ತೂಕಡಿಕೆ ಅವರಲ್ಲಿ ಹಲವರಿಗೆ ಇರುವುದಿಲ್ಲ. ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ, ಮಾತಿನ ಮಧ್ಯೆ ತೂಕಡಿಸುವವರು ಬಂದರೆ ವಿದ್ಯಾರ್ಥಿಯ ಮನಸ್ಸು ಬೇರೆ ಕಡೆ ಹೊರಳಬೇಕು. ಅವರು ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾರೆಯೇ, ಉಸಿರು ಕಟ್ಟಿದಂತಾಗಿ ಏಳುತ್ತಾರೆಯೇ ಎಂದು ಅವರನ್ನಷ್ಟೇ ಅಲ್ಲದೆ ಪಕ್ಕದಲ್ಲಿ ಮಲಗುವವರನ್ನೂ ಕೇಳಬೇಕು, ಏಕೆಂದರೆ ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆಗೆ ಬೇರೆಯೇ ಚಿಕಿತ್ಸೆಯಿದೆ ಮತ್ತು ಅದು ವೈದ್ಯರ ಕೆಲಸ.

ನಿದ್ದೆ ಹೇಗೆ ಬರುತ್ತದೆ ಎಂಬುದನ್ನು ಮನೆಮಾತಿನಲ್ಲಿ ವಿವರಿಸಲು ಬಾರದಿದ್ದರೆ ಮುಂದಿನ ಯಾವ ಸೂಚನೆಯನ್ನೂ ಜನ ಪಾಲಿಸುವುದಿಲ್ಲ. ನಿದ್ರೆಯ ಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ನಿದ್ದೆಯನ್ನು ಎರಡು ವ್ಯವಸ್ಥೆಗಳು ನಡೆಸುತ್ತವೆ. ಒಂದು, ಎಚ್ಚರವಿದ್ದಷ್ಟೂ ಹೊತ್ತು ಏರುತ್ತ ಹೋಗಿ ಮಲಗಿದ ಮೇಲೆ ಇಳಿಯುವ ಒತ್ತಡ. ಇನ್ನೊಂದು, ಬೆಳಕು ಮತ್ತು ಏಳುವ ಹೊತ್ತಿಗೆ ಹೊಂದಿಕೊಂಡು ನಡೆಯುವ ದೇಹದ ಗಡಿಯಾರ. ಮೊದಲನೆಯದನ್ನು ನಿದ್ದೆಯ ಹಸಿವು ಎಂದು ಹೇಳಿದರೆ ಎಂಬತ್ತರ ಅಜ್ಜಿಗೂ ಅರ್ಥವಾಗುತ್ತದೆ. ಊಟಕ್ಕೆ ಮುಂಚೆ ನಾಲ್ಕು ಚಕ್ಕುಲಿ ತಿಂದರೆ ತಟ್ಟೆಯ ಮುಂದೆ ಹಸಿವಿರುವುದಿಲ್ಲ. ಮಧ್ಯಾಹ್ನದ ನಿದ್ದೆಯೂ ಹಾಗೆಯೇ. ಕಾಫಿ ಹಸಿವನ್ನು ತಣಿಸುವುದಿಲ್ಲ, ಅದು ತಿಳಿಯದಂತೆ ಮುಚ್ಚಿಡುತ್ತದೆ ಅಷ್ಟೆ, ಮತ್ತು ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಹೀಗೆ ಸ್ವಂತ ಮಾತಿನಲ್ಲಿ ಐದು ನಿಮಿಷ ವಿವರಿಸುವುದನ್ನು ವಿದ್ಯಾರ್ಥಿಗಳು ಒಬ್ಬರೆದುರು ಒಬ್ಬರು ಅಭ್ಯಾಸ ಮಾಡಬೇಕು, ಇಂಗ್ಲಿಷ್ ಪದ ಬಂದ ಕಡೆ ಎದುರಿನವರು ಕೈಯೆತ್ತಿ ನಿಲ್ಲಿಸಬೇಕು. ಮೊದಲ ದಿನ ಕೈಗಳು ಇಳಿಯುವುದೇ ಇಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಚಿಕಿತ್ಸೆಯ ಮುಖ್ಯ ಸಾಧನ ಒಂದು ಹಾಳೆ, ನಿದ್ರೆಯ ದಿನಚರಿ. ಎಷ್ಟಕ್ಕೆ ಮಲಗಿದಿರಿ, ನಿದ್ದೆ ಹತ್ತಲು ಎಷ್ಟು ಹೊತ್ತಾಯಿತು, ನಡುವೆ ಒಟ್ಟು ಎಷ್ಟು ಹೊತ್ತು ಎಚ್ಚರವಿದ್ದಿರಿ, ಕೊನೆಯ ಎಚ್ಚರ ಎಷ್ಟಕ್ಕೆ, ಹಾಸಿಗೆ ಬಿಟ್ಟದ್ದು ಎಷ್ಟಕ್ಕೆ ಎಂದು ಪ್ರತಿ ಬೆಳಿಗ್ಗೆ ಅಂದಾಜಿನ ಮೇಲೆ ಬರೆಯುವುದು. ರಾತ್ರಿ ಗಡಿಯಾರ ನೋಡಿ ಬರೆಯಬಾರದು. ಪಾಠಕ್ಕಾಗಿ ಒಬ್ಬ ನಿವೃತ್ತ ಶಿಕ್ಷಕರನ್ನು ಕಲ್ಪಿಸಿಕೊಳ್ಳೋಣ. ವಾರದ ಸರಾಸರಿಯಲ್ಲಿ ಅವರು ರಾತ್ರಿ 9.30ಕ್ಕೆ ಮಲಗಿ ಬೆಳಿಗ್ಗೆ 6.30ಕ್ಕೆ ಏಳುತ್ತಾರೆ, ಎಂದರೆ ಹಾಸಿಗೆಯಲ್ಲಿ 540 ನಿಮಿಷ. ನಿದ್ದೆ ಹತ್ತಲು 70 ನಿಮಿಷ, ನಡುವೆ ಎಚ್ಚರ 100 ನಿಮಿಷ, 5.20ಕ್ಕೆ ಎಚ್ಚರವಾದ ಮೇಲೆ ಸುಮ್ಮನೆ ಹೊರಳಾಡಿದ್ದು 70 ನಿಮಿಷ. ಉಳಿದ ನಿದ್ದೆ 300 ನಿಮಿಷ. 300ನ್ನು 540ರಿಂದ ಭಾಗಿಸಿದರೆ ಅವರ ನಿದ್ರೆಯ ದಕ್ಷತೆ ಶೇಕಡ 56ರ ಆಸುಪಾಸು. ಅಂದರೆ ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ನಿದ್ದೆ, ಮಿಕ್ಕದ್ದೆಲ್ಲ ಹೋರಾಟ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಸ್ಪೀಲ್‌ಮನ್ ಅವರ ಪದ್ಧತಿ ಅದನ್ನು ತಿರುಗಿಸಿ, ನಿದ್ದೆ ಇದ್ದಷ್ಟೇ ಹಾಸಿಗೆ ಹಾಸು ಎನ್ನುತ್ತದೆ. ಐದು ಗಂಟೆ ನಿದ್ದೆ ಬರುವವರಿಗೆ ಹಾಸಿಗೆಯಲ್ಲಿ ಒಂಬತ್ತು ಗಂಟೆಯ ಬದಲು ಐದೂವರೆ ಗಂಟೆ ಮಾತ್ರ. ನಮ್ಮ ಶಿಕ್ಷಕರು ಬೆಳಿಗ್ಗೆ 5.30ಕ್ಕೆ ಏಳಲು ಒಪ್ಪಿದರೆ, ಮಲಗುವುದು ರಾತ್ರಿ 12ಕ್ಕೆ. ವಾರದ ಕೊನೆಯಲ್ಲಿ ಮತ್ತೆ ಲೆಕ್ಕ: ದಕ್ಷತೆ ಶೇಕಡ 85 ಮುಟ್ಟಿದ್ದರೆ ಮಲಗುವ ಸಮಯ 15 ನಿಮಿಷ ಮುಂಚೆಯಾಗುತ್ತದೆ, 80ರಿಂದ 85ರ ನಡುವೆ ಇದ್ದರೆ ಹಾಗೆಯೇ ಇರುತ್ತದೆ, ಇನ್ನೂ ಕೆಳಗಿದ್ದರೆ ತುಸು ಕಡಿತವಾಗುತ್ತದೆ. ಹಾಸಿಗೆಯ ಸಮಯವನ್ನು ಐದು ಅಥವಾ ಐದೂವರೆ ಗಂಟೆಗಿಂತ ಕೆಳಗೆ ಇಳಿಸದಿರುವುದು ಈಗಿನ ರೂಢಿ.

ಕಾಗದದ ಮೇಲೆ ಇದನ್ನು ಹೈಸ್ಕೂಲಿನ ಹುಡುಗರೂ ಮಾಡುತ್ತಾರೆ. ಎದುರಿಗೆ ಮನುಷ್ಯರಿದ್ದಾಗ ವಿದ್ಯಾರ್ಥಿಯ ಧ್ವನಿ ನಡುಗುತ್ತದೆ. ಅದಕ್ಕಾಗಿಯೇ ತರಗತಿಯಲ್ಲಿ ಪಾತ್ರಾಭಿನಯ ಮಾಡಿಸುವುದು. ಒಬ್ಬರು ಶಿಕ್ಷಕರ ಪಾತ್ರ ವಹಿಸಿ, “ಅಲ್ಲಮ್ಮಾ, ನಿದ್ದೆಯಿಲ್ಲ ಅಂತ ನಿಮ್ಮ ಹತ್ತಿರ ಬಂದರೆ ಇರುವುದನ್ನೂ ಕಿತ್ತುಕೊಳ್ಳುತ್ತೀರಲ್ಲ!” ಎನ್ನುತ್ತಾರೆ. ಹೊಸಬರು ತಕ್ಷಣ ಕರಗಿಬಿಡುತ್ತಾರೆ: “ಹಾಗಾದರೆ ಹತ್ತೂವರೆಗೆ ಮಲಗಿ ಸಾರ್, ನೋಡೋಣ.” ಅಲ್ಲಿಗೆ ಚಿಕಿತ್ಸೆ ಕೆಟ್ಟಿತು. ಪಳಗಿದವರು ಒಪ್ಪಿಕೊಳ್ಳುವುದನ್ನು ಒಪ್ಪಿಕೊಂಡು ಲೆಕ್ಕವನ್ನು ಬಿಟ್ಟುಕೊಡುವುದಿಲ್ಲ: “ಮೊದಲ ವಾರ ಕಷ್ಟವೇ ಸಾರ್, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮ ಹಾಳೆಯನ್ನೇ ನೋಡಿ, ಮಲಗಿದ ಒಂಬತ್ತು ಗಂಟೆಯಲ್ಲಿ ನಿದ್ದೆ ಬಂದದ್ದು ಎಷ್ಟು?” ಶಿಕ್ಷಕರು ಐದು ಎನ್ನುತ್ತಾರೆ. “ಉಳಿದ ನಾಲ್ಕು ಗಂಟೆ ಏನು ಮಾಡಿದಿರಿ?” ಇಲ್ಲಿ ವಿದ್ಯಾರ್ಥಿ ಸುಮ್ಮನಿರಬೇಕು. ಉತ್ತರ ಅವರ ಬಾಯಿಂದಲೇ ಬರಬೇಕು. ಈ ಮೌನವನ್ನು ಕಲಿಸುವುದಕ್ಕೆ ಒಂದು ಇಡೀ ಮಧ್ಯಾಹ್ನ ಹೋದರೂ ಅದು ವ್ಯರ್ಥವಲ್ಲ. ಹನ್ನೆರಡರವರೆಗೆ ನಾನೇನು ಮಾಡಲಿ ಎಂಬ ಮುಂದಿನ ಪ್ರಶ್ನೆಯೂ ಸಣ್ಣದಲ್ಲ. ಒಂಬತ್ತೂವರೆಗೆ ದೀಪ ಆರಿಸುವ ಮನೆಯಲ್ಲಿ ಇನ್ನೆರಡೂವರೆ ಗಂಟೆಗೆ ತೂಕಡಿಸದೆ ಮಾಡುವ ಕೆಲಸವನ್ನು ಇಬ್ಬರೂ ಕುಳಿತು ಪಟ್ಟಿ ಮಾಡಬೇಕು.

ಎರಡನೆಯ ಸೂಚನೆ ಅಮೆರಿಕದ ಮನಃಶಾಸ್ತ್ರಜ್ಞ ರಿಚರ್ಡ್ ಬೂಟ್‌ಜಿನ್ 1972ರಲ್ಲಿ ವಿವರಿಸಿದ್ದು. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ನಿದ್ದೆ ಬಾರದೆ ಹೊರಳಾಡುವಂತಾದರೆ ಎದ್ದು ಬೇರೆ ಕೋಣೆಗೆ ಹೋಗಿ, ಜೊಂಪು ಹತ್ತಿದಾಗ ಮರಳಿ. ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಹಾಸಿಗೆ ಕಂಡೊಡನೆ ಎಚ್ಚರಗೊಳ್ಳಲು ಕಲಿತ ಮೈಗೆ, ಹಾಸಿಗೆ ಎಂದರೆ ನಿದ್ದೆ ಎಂದು ಮತ್ತೆ ಕಲಿಸುವ ಉಪಾಯ ಇದು. ಪುಸ್ತಕದಲ್ಲಿ ಬೇರೆ ಕೋಣೆ ಇರುತ್ತದೆ. ನಮ್ಮಲ್ಲಿ ಒಂದೇ ಹಾಲ್‌ನಲ್ಲಿ ಐದು ಜನ ಸಾಲಾಗಿ ಮಲಗುವ ಮನೆಗಳಿವೆ. ನಡುರಾತ್ರಿ ಸೊಸೆ ಎದ್ದು ಓಡಾಡಿದರೆ ಏನಾಯಿತೆಂದು ಇಡೀ ಮನೆ ಏಳುತ್ತದೆ. ಇಂಥಲ್ಲಿ ನಿಯಮವನ್ನು ಬಿಡದೆ ರೂಪವನ್ನು ಬದಲಿಸುವ ಜಾಣ್ಮೆ ಬೇಕು. ಗೋಡೆಗೆ ಒರಗಿಸಿಟ್ಟ ಕುರ್ಚಿಯೂ ಬೇರೆ ಕೋಣೆಯೇ. ಚಾಪೆಯ ಮೇಲೆ ಮಲಗುವವರು ಅದನ್ನು ಸುತ್ತಿಟ್ಟು ಗೋಡೆ ಬದಿ ಕುಳಿತರಾಯಿತು, ಈ ವಿಷಯದಲ್ಲಿ ಮಂಚಕ್ಕಿಂತ ಚಾಪೆಗೇ ಅನುಕೂಲ ಹೆಚ್ಚು. ಮನೆಯವರಿಗೆ ಮೊದಲೇ ವಿಷಯ ತಿಳಿಸುವುದೂ ಚಿಕಿತ್ಸೆಯ ಭಾಗವೇ.

ಹಾಗೆಯೇ, ರಾತ್ರಿ ಎರಡಕ್ಕೆ ನಲ್ಲಿ ನೀರು ಬರುತ್ತದೆಂದು ಏಳುವವರಿಗೆ, ಪಾಳಿಯ ಕೆಲಸದವರಿಗೆ, ನಾಲ್ಕಕ್ಕೆ ಎದ್ದು ಅಡುಗೆ ಮುಗಿಸಿ ಗಾರ್ಮೆಂಟ್ಸ್ ಬಸ್ಸು ಹಿಡಿಯುವವರಿಗೆ ನಿದ್ರಾಹೀನತೆಯ ಹಣೆಪಟ್ಟಿ ಹಚ್ಚಬಾರದು. ಮಲಗಲು ಅವಕಾಶವಿದ್ದೂ ನಿದ್ದೆ ಬಾರದಿರುವುದು, ಅದರಿಂದ ಹಗಲಿನ ಬದುಕು ಕೆಡುವುದು, ವಾರಕ್ಕೆ ಕನಿಷ್ಠ ಮೂರು ರಾತ್ರಿ, ಕನಿಷ್ಠ ಮೂರು ತಿಂಗಳು ಹೀಗೆ ನಡೆಯುವುದು ರೋಗನಿರ್ಣಯದ ಅಳತೆ. ಅವಕಾಶವೇ ಇಲ್ಲದವರಿಗೆ ಬೇಕಾದದ್ದು ನಿದ್ದೆ ಮಾಡಲು ಸಮಯ, ಚಿಕಿತ್ಸೆಯಲ್ಲ.

ಆಲೋಚನೆಗಳ ಮೇಲಿನ ಕೆಲಸ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತ, ಆದ್ದರಿಂದ ಇಲ್ಲಿ ಹೆಚ್ಚು ಹೇಳಬೇಕಿಲ್ಲ. ಎಂಟು ಗಂಟೆ ನಿದ್ದೆಯಾಗದಿದ್ದರೆ ನಾಳೆಯ ಕೆಲಸವೆಲ್ಲ ಹಾಳು ಎಂಬಂಥ ನಂಬಿಕೆಗಳನ್ನು ಚಾರ್ಲ್ಸ್ ಮೊರಿನ್ ಎಂಬ ಕೆನಡಾದ ಮನಃಶಾಸ್ತ್ರಜ್ಞರು ಪಟ್ಟಿ ಮಾಡಿ ಅಳೆಯುವ ಪ್ರಶ್ನಾವಳಿಯನ್ನೇ ಮಾಡಿದ್ದಾರೆ. ಏಳು ಪ್ರಶ್ನೆಗಳಿಗೆ 28 ಅಂಕಗಳಿರುವ ನಿದ್ರಾಹೀನತೆಯ ತೀವ್ರತೆಯ ಸೂಚಿಯೂ ಅವರದ್ದೇ; 15ರಿಂದ ಮೇಲೆ ಬಂದರೆ ಚಿಕಿತ್ಸೆ ಬೇಕಾದ ಮಟ್ಟವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ವಾದ ಮಾಡಿ ನಂಬಿಕೆ ಬದಲಿಸಲು ಹೋಗದೆ, ನಾಲ್ಕು ಗಂಟೆ ಮಲಗಿದ ಮರುದಿನ ನಿಜವಾಗಿ ಏನಾಯಿತೆಂದು ದಿನಚರಿಯಲ್ಲೇ ತೋರಿಸುವುದು ಮೇಲು. ಇನ್ನು ಕಾಫಿ, ಮೊಬೈಲ್, ಬೆಳಕಿನ ಕುರಿತ ಸಲಹೆಗಳು: ಅವು ತಪ್ಪಲ್ಲ, ಆದರೆ ಅವನ್ನಷ್ಟೇ ಚಿಕಿತ್ಸೆಯೆಂದು ಕೊಡಬಾರದೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2021ರ ಮಾರ್ಗಸೂಚಿಯಲ್ಲಿ ಹೇಳಿದೆ.

ಯಾರಿಗೆ ಇದನ್ನು ಕೊಡಬಾರದು ಎಂಬ ಪಾಠ, ಯಾರಿಗೆ ಕೊಡಬೇಕೆಂಬ ಪಾಠದಷ್ಟೇ ಮುಖ್ಯ. ನಿದ್ದೆ ಕಡಿತವಾದರೆ ಬೈಪೋಲಾರ್ ತೊಂದರೆಯಿರುವವರಲ್ಲಿ ಉನ್ಮಾದದ ಸ್ಥಿತಿ, ಮೂರ್ಛೆರೋಗವಿರುವವರಲ್ಲಿ ಸೆಳವು ಕಾಣಿಸಿಕೊಳ್ಳಬಹುದು. ರಾತ್ರಿ ಬಸ್ಸು ಓಡಿಸುವ ಚಾಲಕರಿಗೆ, ಯಂತ್ರದ ಮುಂದೆ ನಿಂತು ದುಡಿಯುವವರಿಗೆ ಮೊದಲ ವಾರಗಳ ತೂಕಡಿಕೆ ಪ್ರಾಣಾಪಾಯ ತರಬಲ್ಲದು. ಇಂಥವರ ವಿಷಯದಲ್ಲಿ ಹಾಸಿಗೆಯ ಸಮಯವನ್ನು ಕಡಿತ ಮಾಡದೆ, ಅಥವಾ ಬಹಳ ನಿಧಾನವಾಗಿ ಮಾಡುತ್ತ, ಹಿರಿಯ ಚಿಕಿತ್ಸಕರ ಮಾರ್ಗದರ್ಶನದಲ್ಲೇ ನಡೆಯಬೇಕು. ಖಿನ್ನತೆಯ ವಿಷಯದಲ್ಲಿ ಹಳೆಯ ತಿಳಿವಳಿಕೆಯೊಂದನ್ನು ಬಿಡಬೇಕು: ನಿದ್ರಾಹೀನತೆ ಖಿನ್ನತೆಯ ನೆರಳು ಮಾತ್ರ, ಖಿನ್ನತೆ ಗುಣವಾದರೆ ಅದೂ ಹೋಗುತ್ತದೆ ಎಂಬ ಮಾತನ್ನು ಈಗ ಒಪ್ಪುವುದಿಲ್ಲ. ಮಾನಸಿಕ ತೊಂದರೆಗಳ ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5, ನಿದ್ರಾಹೀನತೆಯನ್ನು ಪ್ರಾಥಮಿಕ, ದ್ವಿತೀಯಕ ಎಂದು ವಿಂಗಡಿಸುವುದನ್ನೇ ಬಿಟ್ಟಿತು. ಎರಡೂ ಇದ್ದರೆ ಎರಡಕ್ಕೂ ಚಿಕಿತ್ಸೆ. ನಡುರಾತ್ರಿ ಒಬ್ಬರೇ ಎಚ್ಚರವಿರುವವರಿಗೆ ಬದುಕು ಬೇಡವೆನಿಸಿದೆಯೇ ಎಂದು ನೇರವಾಗಿ ಕೇಳುವುದನ್ನು, ಹೌದೆಂದರೆ ಅಂದೇ ಮೇಲ್ವಿಚಾರಕರಿಗೆ ತಿಳಿಸುವುದನ್ನು ವಿದ್ಯಾರ್ಥಿ ತಪ್ಪಿಸುವಂತಿಲ್ಲ.

ನಿದ್ದೆ ಮಾತ್ರೆಯ ಪ್ರಶ್ನೆ ಖಂಡಿತ ಎದುರಾಗುತ್ತದೆ. ಆಲ್‌ಪ್ರಜೋಲಾಮ್‌ನಂಥ ಮಾತ್ರೆಗಳು ನಮ್ಮ ದೇಶದಲ್ಲಿ ಎಚ್1 ಅನುಸೂಚಿಯಲ್ಲಿವೆ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೂ ಹಳೆಯ ಚೀಟಿಯೊಂದನ್ನೇ ಇಟ್ಟುಕೊಂಡು ವರ್ಷಗಟ್ಟಲೆ ನುಂಗಿದವರು ಬರುತ್ತಾರೆ. ಸಿಬಿಟಿ-ಐ ಶುರುವಾಯಿತಲ್ಲ, ಮಾತ್ರೆ ಬಿಟ್ಟುಬಿಡಿ ಎಂದು ಉತ್ಸಾಹದಲ್ಲಿ ಹೇಳಿದ ಒಂದು ಮಾತು ದೊಡ್ಡ ಅನಾಹುತ ಮಾಡಬಹುದು. ದೀರ್ಘಕಾಲ ತೆಗೆದುಕೊಂಡ ಇಂಥ ಔಷಧವನ್ನು ಹಠಾತ್ತನೆ ನಿಲ್ಲಿಸಿದರೆ ಸೆಳವು ಕೂಡ ಬರಬಹುದು. ಇಳಿಸುವ ಕ್ರಮ ವೈದ್ಯರದ್ದು. ದಿನಚರಿಯಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಹೊತ್ತು ಬರೆಸಿ ಅದನ್ನು ವೈದ್ಯರಿಗೆ ತಲುಪಿಸುವುದಷ್ಟೇ ವಿದ್ಯಾರ್ಥಿಯ ಕೆಲಸ.

ಇದನ್ನೆಲ್ಲ ಎರಡು ದಿನದ ಕಾರ್ಯಾಗಾರದಲ್ಲಿ ಹೇಳಿ ಮುಗಿಸಬಹುದು, ಆದರೆ ಹೇಳಿ ಮುಗಿಸಿದರೆ ಕಲಿಸಿದಂತಾಗುವುದಿಲ್ಲ. ಅಮೆರಿಕದ ಮಾಜಿ ಸೈನಿಕರ ಆರೋಗ್ಯ ಇಲಾಖೆ ತನ್ನ ಚಿಕಿತ್ಸಕರಿಗೆ ಸಿಬಿಟಿ-ಐ ಕಲಿಸಿದ ರೀತಿ ಇಲ್ಲಿ ಗಮನಾರ್ಹ. ಅಲ್ಲಿ ಮೂರು ದಿನಗಳ ಕಾರ್ಯಾಗಾರದ ನಂತರ ಸುಮಾರು ನಾಲ್ಕು ತಿಂಗಳು ಪ್ರತಿ ವಾರ ಫೋನಿನಲ್ಲಿ ಸಮಾಲೋಚನೆ ನಡೆಯುತ್ತಿತ್ತು, ನಿಜವಾದ ಭೇಟಿಗಳ ಧ್ವನಿಮುದ್ರಣವನ್ನು ತರಬೇತುದಾರರು ಕೇಳಿ ತಿದ್ದುತ್ತಿದ್ದರು. ಇನ್ನೊಂದು ಕಡೆ, ಇಂಗ್ಲೆಂಡಿನಲ್ಲಿ 642 ಜನರ ಮೇಲೆ ನಡೆದು 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಿದ್ರೆಯ ವಿಷಯದಲ್ಲಿ ಪರಿಣತರಲ್ಲದ ನರ್ಸ್‌ಗಳು ಹಾಸಿಗೆಯ ಸಮಯ ಕಡಿತ ಮಾಡುವ ಚಿಕಿತ್ಸೆಯೊಂದನ್ನೇ ನೀಡಿದರೂ ಜನರ ನಿದ್ರಾಹೀನತೆ ಆರು ತಿಂಗಳ ನಂತರವೂ ಕಡಿಮೆಯಿತ್ತು. ಹಾಗಾದರೆ ಇದಕ್ಕೆ ಹತ್ತು ವರ್ಷದ ಪಾಂಡಿತ್ಯ ಬೇಕಿಲ್ಲ, ಎರಡನೆಯ ವರ್ಷದ ವಿದ್ಯಾರ್ಥಿಯೂ ಮಾಡಬಲ್ಲರು. ಬೇಕಾದದ್ದು ಕ್ರಮವನ್ನು ಸಡಿಲಿಸದಿರುವುದು ಮತ್ತು ಬೆನ್ನ ಹಿಂದೆ ಒಬ್ಬ ಮೇಲ್ವಿಚಾರಕರು. ಸಡಿಲಿಕೆ ನುಸುಳುವುದು ಸಾಮಾನ್ಯವಾಗಿ ಆರಂಭದ ವಾರಗಳಲ್ಲೇ, ನಿದ್ದೆಯೂ ಕಡಿಮೆ ಹಗಲೂ ಕಷ್ಟ ಎಂದು ಫೋನು ಬಂದಾಗ. ಧ್ವನಿಮುದ್ರಣ ಕೇಳುವುದು ಆಗಲೇ ಉಪಯೋಗಕ್ಕೆ ಬರುತ್ತದೆ. ವಿದ್ಯಾರ್ಥಿ ತಾನು ಬಿಟ್ಟುಕೊಡಲಿಲ್ಲ ಎಂದುಕೊಂಡಿರುತ್ತಾರೆ, ಆದರೆ “ಭಾನುವಾರ ಒಂದು ದಿನ ಪರವಾಗಿಲ್ಲ” ಎಂಬ ಮಾತು ಅಲ್ಲಿ ದಾಖಲಾಗಿರುತ್ತದೆ.

ನಮ್ಮ ಶಿಕ್ಷಕರ ಲೆಕ್ಕ ಮೊದಲ ವಾರದ ಕೊನೆಗೆ ಹೀಗೆ ಬಂದಿತೆನ್ನೋಣ: ಹಾಸಿಗೆಯಲ್ಲಿ 330 ನಿಮಿಷ, ನಿದ್ದೆ 285. ನಿದ್ದೆ ಕಾಲು ಗಂಟೆ ಕಡಿಮೆಯೇ ಆಗಿದೆ, ಅವರು ದೂರುವುದೂ ಅದನ್ನೇ. ದಕ್ಷತೆ ಮಾತ್ರ ಶೇಕಡ 86ಕ್ಕೆ ಏರಿದೆ. ಮಲಗುವ ಸಮಯ 11.45 ಆಗುತ್ತದೆ, ಮರುವಾರ 11.30. ಮೂರನೆಯ ವಾರ 360ಕ್ಕೆ 305, ಶೇಕಡ 84.7. ಇಲ್ಲಿ ವಿದ್ಯಾರ್ಥಿಗೆ ಆಸೆಯಾಗುತ್ತದೆ, ಇಷ್ಟು ಹತ್ತಿರ ಬಂದಿದೆಯಲ್ಲ ಎಂದು. ಆದರೂ ಅಲ್ಲೇ ನಿಲ್ಲಿಸಬೇಕು. ಐದನೆಯ ವಾರ ಮುಗಿಯುವಾಗ ಅವರಿಗೆ 11ಕ್ಕೆ ಮಲಗಲು ಅನುಮತಿ ಸಿಗುತ್ತದೆ, ಮುಂದಿನ ವಾರದ ಹಾಳೆಯಲ್ಲಿ 390 ನಿಮಿಷಕ್ಕೆ 345 ನಿಮಿಷದ ನಿದ್ದೆ ಇರುತ್ತದೆ. ಆ ಭೇಟಿಯಲ್ಲಿ ವಿದ್ಯಾರ್ಥಿ ಭಾಗಾಕಾರ ಮಾಡುವುದಿಲ್ಲ. ಪೆನ್ಸಿಲನ್ನು ಶಿಕ್ಷಕರ ಕೈಗೇ ಕೊಟ್ಟು ಮಾಡಿಸುತ್ತಾರೆ, ಮುಂದೆಂದಾದರೂ ನಿದ್ದೆ ಕೆಟ್ಟರೆ ಬೇಕಾದೀತೆಂದು ನಾಲ್ಕು ಖಾಲಿ ಹಾಳೆಗಳನ್ನು ಜೊತೆಗೆ ಕೊಟ್ಟು ಕಳುಹಿಸುತ್ತಾರೆ.